ನೊಣ ಹೊಡೆಯುತ್ತಿದ್ದ ಮೆಡಿಕಲ್ ಶಾಪು: ವಾಲ್ ಡ್ರಗ್ ಪ್ರಕರಣ

ಮೆಡಿಕಲ್ ಶಾಪಿನ ಲೆಕ್ಕ ಸರಳ. ಊರಲ್ಲಿ ಜನ ಇರಬೇಕು. ಅವರಲ್ಲಿ ಕೆಲವರಿಗಾದರೂ ಕಾಯಿಲೆ ಬರಬೇಕು. ಚೀಟಿ ಬರೆಯಲು ಒಬ್ಬ ಡಾಕ್ಟರ್ ಬೇಕು. ಔಷಧಿ ಕೊಳ್ಳುವವರ ಜೇಬಿನಲ್ಲಿ ದುಡ್ಡಿರಬೇಕು. 1931ರ ಡಿಸೆಂಬರಿನಲ್ಲಿ ಟೆಡ್ ಹಸ್ಟೆಡ್ ಎಂಬ ಫಾರ್ಮಸಿಸ್ಟ್ ಒಂದು ಅಂಗಡಿ ಕೊಂಡರು. ಆ ಊರಿನಲ್ಲಿ ಡಾಕ್ಟರ್ ಇದ್ದರು. ಜನ ಇದ್ದದ್ದು ಬರೀ 231. ದುಡ್ಡು ಮಾತ್ರ ಹೆಚ್ಚುಕಡಿಮೆ ಯಾರ ಹತ್ತಿರವೂ ಇರಲಿಲ್ಲ.

ಊರಿನ ಹೆಸರು ವಾಲ್, ಅಂದರೆ ಗೋಡೆ. ಅಮೆರಿಕದ ಸೌತ್ ಡಕೋಟಾ ರಾಜ್ಯದ ಪಶ್ಚಿಮ ಭಾಗದಲ್ಲಿದೆ. ಊರಿನ ಪಕ್ಕದಲ್ಲೇ ಬ್ಯಾಡ್‌ಲ್ಯಾಂಡ್ಸ್ ಎಂಬ ಒಣ ಪ್ರದೇಶ. ಮಳೆ ಗಾಳಿ ಕೊರೆದು ಕೊರೆದು ಅಲ್ಲಿನ ನೆಲ ಉದ್ದಕ್ಕೆ ಎದ್ದು ನಿಂತ ಗೋಡೆಯ ಹಾಗೆ ಕಾಣುತ್ತದೆ. ಊರಿಗೆ ಹೆಸರು ಬಂದದ್ದು ಅದರಿಂದ. ರೈಲು ಬಂದ ಮೇಲೆ, 1907ರಲ್ಲಿ ಹುಟ್ಟಿದ ಊರು. ಅಂದರೆ ಟೆಡ್ ಅಲ್ಲಿಗೆ ಬಂದಾಗ ಊರಿಗಿನ್ನೂ 24 ವರ್ಷ. ಟೆಡ್ ಅವರಿಗಿಂತ ಊರೇ ಚಿಕ್ಕದು.

ಆ ಅಂಗಡಿಯ ಹೆಸರು ವಾಲ್ ಡ್ರಗ್. ಈಗ ಅದರ ವಿಸ್ತಾರ 76,000 ಚದರ ಅಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮುಕ್ಕಾಲು ಎಕರೆ, 70 ಗುಂಟೆ. ಮೂವತ್ತು-ನಲವತ್ತರ ಸೈಟು ಹಾಕಿದರೆ 63 ಸೈಟು. ವರ್ಷಕ್ಕೆ 20 ಲಕ್ಷ ಜನ ಬಂದು ಹೋಗುತ್ತಾರೆ ಎನ್ನುತ್ತಾರೆ ಅಂಗಡಿಯವರು. 2020ರ ಜನಗಣತಿಯಲ್ಲಿ ಊರಿನ ಜನ 699. ಒಂದು ಮೆಡಿಕಲ್ ಶಾಪು ಈ ಗಾತ್ರಕ್ಕೆ ಹೇಗೆ ಬೆಳೆಯಿತು? ಬೆಳೆದ ಮೇಲೆ ಅದನ್ನು ಮೆಡಿಕಲ್ ಶಾಪು ಅನ್ನಬಹುದಾ? ಈ ಎರಡು ಪ್ರಶ್ನೆ ಇಟ್ಟುಕೊಂಡು ಪ್ರಕರಣವನ್ನು ನೋಡೋಣ.

ಕಂಬಳಿಯ ಹಿಂದಿನ ಮನೆ

ಟೆಡ್ ನೆಬ್ರಾಸ್ಕಾದವರು. ಫಾರ್ಮಸಿ ಓದಿ 1929ರಲ್ಲಿ ಹೊರಬಂದರು. ಅದೇ ವರ್ಷ ಶೇರು ಪೇಟೆ ಬಿದ್ದು ಮಹಾ ಕುಸಿತ ಶುರುವಾಯಿತು. ಎರಡು ವರ್ಷ ಅವರಿವರ ಅಂಗಡಿಯಲ್ಲಿ ಕೆಲಸ ಮಾಡಿದರು. ತಂದೆ ಬಿಟ್ಟುಹೋದ 3,000 ಡಾಲರ್ ಕೈಯಲ್ಲಿತ್ತು. ಹೆಂಡತಿ ಡೊರೊಥಿ ಹೈಸ್ಕೂಲಿನಲ್ಲಿ ಸಾಹಿತ್ಯ ಪಾಠ ಮಾಡಿದ್ದವರು. ಮಗ ಬಿಲ್‌ಗೆ ಆಗ ನಾಲ್ಕು ವರ್ಷ.

ಇಬ್ಬರೂ ಕ್ಯಾಥೊಲಿಕ್ ಭಕ್ತರು. ಹಾಗಾಗಿ ಅವರ ಷರತ್ತು ಎರಡೇ. ಊರು ಚಿಕ್ಕದಿರಬೇಕು, ಅಲ್ಲೊಂದು ಕ್ಯಾಥೊಲಿಕ್ ಚರ್ಚ್ ಇರಬೇಕು. ವಾಲ್‌ನಲ್ಲಿ ಎರಡೂ ಇದ್ದವು. ಕೊಳ್ಳುವ ಮುಂಚೆ ಪಾದ್ರಿಯನ್ನು ಕೇಳಿದರು, ಡಾಕ್ಟರನ್ನು ಕೇಳಿದರು, ಬ್ಯಾಂಕಿನವರನ್ನು ಕೇಳಿದರು. ಊರು ಒಳ್ಳೆಯದು ಎಂದು ಎಲ್ಲರೂ ಹೇಳಿದರು. ಹೇಳದೆ ಏನು? ತಮ್ಮೂರಿಗೆ ಮೆಡಿಕಲ್ ಶಾಪು ಇರಲಿ ಅಂತ ಯಾರಿಗೆ ಆಸೆ ಇರುವುದಿಲ್ಲ! ಗಿರಾಕಿಗಳ ಲೆಕ್ಕಕ್ಕಿಂತ ಚರ್ಚನ್ನು ನೋಡಿ ಅಂಗಡಿ ಕೊಂಡರಲ್ಲ ಎಂದು ಯಾವ ವ್ಯಾಪಾರಿಯೂ ತಲೆ ಚಚ್ಚಿಕೊಂಡಾನು. ಆದರೆ ಕಷ್ಟದ ದಿನಗಳಲ್ಲಿ ಅವರು ಊರು ಬಿಟ್ಟು ಓಡದೆ ಇದ್ದದ್ದಕ್ಕೆ ಕಾರಣ ಇದೇ ಅಂತ ನನಗನ್ನಿಸುತ್ತದೆ. ಅವರು ಬಂದದ್ದು ಅಂಗಡಿಗೆ ಮಾತ್ರ ಅಲ್ಲ, ಬಾಳುವುದಕ್ಕೆ.

ಬೇರೆ ಮನೆ ಮಾಡುವಷ್ಟು ದುಡ್ಡಿರಲಿಲ್ಲ. ಅಂಗಡಿಯ ಹಿಂಭಾಗದಲ್ಲಿ ಕಂಬಳಿ ಇಳಿಬಿಟ್ಟು ಮರೆ ಮಾಡಿಕೊಂಡರು. ಆಚೆ ಔಷಧಿ, ಈಚೆ ಸಂಸಾರ. ನಮ್ಮ ಊರುಗಳ ಎಷ್ಟೋ ಅಂಗಡಿಗಳು ಹೀಗೇ ಶುರುವಾದವು, ಅಲ್ವಾ? ಐದು ವರ್ಷ ನೋಡೋಣ ಎಂದು ಗಂಡ ಹೆಂಡತಿ ಗಡುವು ಹಾಕಿಕೊಂಡರು.

ಆ ಐದು ವರ್ಷ ಸೌತ್ ಡಕೋಟಾ ಕಂಡ ಅತಿ ಕೆಟ್ಟ ವರ್ಷಗಳಲ್ಲಿ ಸೇರುತ್ತವೆ. ಬರಗಾಲ, ಮಿಡತೆ, ಧೂಳಿನ ಬಿರುಗಾಳಿ. ರೈತರು ಹೊಲ ಬಿಟ್ಟು ಹೋದರು. 1930ರಲ್ಲಿ ರಾಜ್ಯದ ಜನಸಂಖ್ಯೆ 6,92,849 ಇತ್ತು. 1940ಕ್ಕೆ ಅದು 6,42,961ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಸುಮಾರು 50 ಸಾವಿರ ಕಡಿಮೆ! ಊರಿನ ಗಿರಾಕಿಯನ್ನೇ ನಂಬಿದ ಅಂಗಡಿಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮದ್ದು ಅರೆಯುವ ಕೈಗೆ ಕೆಲಸವಿರಲಿಲ್ಲ.

ಐಸು ಮೊದಲೇ ಇತ್ತು

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ಯಾಕೆಂದರೆ ಮುಂದಿನ ಕಥೆಯಲ್ಲಿ ಔಷಧಿ ಅಂಗಡಿಯಲ್ಲಿ ಐಸು ಎಲ್ಲಿಂದ ಬಂತು ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ.

ಅಮೆರಿಕದ ಡ್ರಗ್‌ಸ್ಟೋರ್ ನಮ್ಮ ಮೆಡಿಕಲ್ ಶಾಪಿನ ಹಾಗಲ್ಲ. ಅಲ್ಲಿ ಸೋಡಾ ಕೂಡ ಔಷಧಿಯಾಗಿಯೇ ಶುರುವಾಯಿತು. ಗ್ಯಾಸ್ ತುಂಬಿದ ನೀರು ಹೊಟ್ಟೆಗೆ ಒಳ್ಳೆಯದು ಎಂದು ನಂಬಿದ್ದ ಕಾಲ ಅದು. ಫಾರ್ಮಸಿಸ್ಟರೇ ಅದಕ್ಕೆ ಸಿರಪ್ಪು ಬೆರೆಸಿ ಲೋಟಕ್ಕೆ ಹಾಕಿ ಕೊಡುತ್ತಿದ್ದರು. ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯ ಹುಟ್ಟಿದ್ದು 1885ರಲ್ಲಿ, ಟೆಕ್ಸಸ್ಸಿನ ವೇಕೋ ಊರಿನ ಡ್ರಗ್‌ಸ್ಟೋರಿನಲ್ಲಿ. ಅದನ್ನು ಬೆರೆಸಿದ ಚಾರ್ಲ್ಸ್ ಆಲ್ಡರ್ಟನ್ ಫಾರ್ಮಸಿಸ್ಟ್. ಮರುವರ್ಷ ಅಟ್ಲಾಂಟಾದಲ್ಲಿ ಕೋಕಾ ಕೋಲಾ ಮೊದಲು ಮಾರಾಟವಾದದ್ದು ಜೇಕಬ್ಸ್ ಫಾರ್ಮಸಿಯಲ್ಲಿ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತು. ಬಾರುಗಳು ಮುಚ್ಚಿದ್ದಾಗ ಜನ ಕೂತು ಹರಟುವ ಜಾಗ ಸೋಡಾ ಕೌಂಟರೇ ಆಯಿತು. ಹಾಗಾಗಿ ಚಿಕ್ಕ ಊರಿನ ಡ್ರಗ್‌ಸ್ಟೋರ್ ಅಂದರೆ ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಐಸ್ ಕ್ರೀಮು. ಮೆಡಿಕಲ್ ಶಾಪು, ಕಾಫಿ ಹೋಟೆಲು ಎರಡೂ ಒಂದೇ ಸೂರಿನಡಿ.

ಐಸು ಅಂಗಡಿಯಲ್ಲಿ ಹೇಗೂ ಇತ್ತು. ನೀರೂ ಇತ್ತು. ಕೂರಲು ಕುರ್ಚಿಯೂ ಇತ್ತು. ಹೊಸದಾಗಿ ಏನನ್ನೂ ಕೊಳ್ಳಬೇಕಿರಲಿಲ್ಲ. ವಾಲ್ ಡ್ರಗ್ ಕಥೆ ಹೇಳುವವರು ಈ ಮಾತನ್ನು ಹಾರಿಸಿಬಿಡುತ್ತಾರೆ. ನನಗಂತೂ ಇದೇ ಮುಖ್ಯ.

1936ರ ಆ ಭಾನುವಾರ

ಗಡುವಿಗೆ ಉಳಿದದ್ದು ಐದೇ ತಿಂಗಳು. ಜುಲೈ. ಆ ತಿಂಗಳು ಅಮೆರಿಕದ ನಡುಭಾಗ ಬೆಂದುಹೋಗಿತ್ತು. ಜುಲೈ 5ರಂದು ಸೌತ್ ಡಕೋಟಾದ ಗ್ಯಾನ್ ವ್ಯಾಲಿಯಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ನಮ್ಮ ಅಳತೆಯಲ್ಲಿ 49 ಡಿಗ್ರಿ. ನಮ್ಮ ರಾಯಚೂರು, ಕಲಬುರಗಿಯವರೂ ಹೌಹಾರುವ ಬಿಸಿಲು.

ಆ ತಿಂಗಳ ಒಂದು ಭಾನುವಾರ ಟೆಡ್ ಖಾಲಿ ಅಂಗಡಿಯಲ್ಲಿ ಪೇಪರ್ ಸುತ್ತಿಕೊಂಡು ನೊಣ ಹೊಡೆಯುತ್ತಿದ್ದರು. ಗಾದೆಮಾತಲ್ಲ, ನಿಜವಾಗಿಯೇ ನೊಣ. ಇದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಡೊರೊಥಿ ಕೈಗೂಸನ್ನೂ ಬಿಲ್‌ನನ್ನೂ ಮಲಗಿಸಿ ತಾವೂ ಸ್ವಲ್ಪ ಅಡ್ಡಾಗೋಣವೆಂದು ಒಳಗೆ ಹೋದರು. ಒಂದು ಗಂಟೆ ಕಳೆದು ಎದ್ದು ಬಂದರು. ನಿದ್ದೆ ಬಂದಿರಲಿಲ್ಲ. ಸೆಕೆಗಲ್ಲ, ಸದ್ದಿಗೆ. ಹೆದ್ದಾರಿಯಲ್ಲಿ ಒಂದರ ಹಿಂದೊಂದು ಹಳೆಯ ಕಾರುಗಳು ಗಡಗಡ ಹೋಗುತ್ತಿದ್ದವು.

ಆ ಕಾರುಗಳು ಹೋಗುತ್ತಿದ್ದದ್ದು ಎಲ್ಲಿಗೆ? ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಮೌಂಟ್ ರಶ್ಮೋರ್ ಬೆಟ್ಟದಲ್ಲಿ ಅಧ್ಯಕ್ಷರ ಮುಖಗಳನ್ನು ಕೆತ್ತುತ್ತಿದ್ದರು. ವಾಷಿಂಗ್ಟನ್ ಮುಖ 1930ರಲ್ಲೇ ಅನಾವರಣಗೊಂಡಿತ್ತು. ಜೆಫರ್ಸನ್ ಮುಖ ಮುಗಿಯುತ್ತ ಬಂದಿತ್ತು. ಅದೇ ಆಗಸ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಅದರ ಅನಾವರಣಕ್ಕೆ ಬಂದರು. ಊರಿನಲ್ಲಿ ದುಡ್ಡಿಲ್ಲದಿದ್ದರೂ ಊರ ಪಕ್ಕದಿಂದ ದುಡ್ಡು ಹಾದುಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ ಅಷ್ಟೇ.

ಈ ಬಿಸಿಲಲ್ಲಿ ಬಯಲು ದಾಟಿ ಬರುವವರಿಗೆ ಬೇಕಾಗಿರುವುದೇನು ಎಂದು ಡೊರೊಥಿ ಯೋಚಿಸಿದ್ದರು. ನೀರು. ತಣ್ಣಗಿನ ನೀರು. ನಮ್ಮಲ್ಲಿ ಐಸೂ ಇದೆ, ನೀರೂ ಇದೆ. ರಸ್ತೆ ಬದಿಯಲ್ಲಿ ಹಲಗೆ ಹಾಕಿ ಬಿಟ್ಟಿ ಕೊಡುತ್ತೇವೆ ಎಂದು ಹೇಳಿದರೆ? ಹಲಗೆಯ ಮೇಲೆ ಬರೆಯಲು ಪ್ರಾಸದ ನಾಲ್ಕು ಮಾತನ್ನೂ ಅವರೇ ಹೊಂದಿಸಿಕೊಂಡು ಬಂದಿದ್ದರು. ಸಾಹಿತ್ಯದ ಟೀಚರ್ ತಾನೆ! ಸೋಡಾ ಕುಡಿಯಿರಿ, ರೂಟ್ ಬಿಯರ್ ಕುಡಿಯಿರಿ, ಮುಂದಿನ ತಿರುವಿನಲ್ಲಿ ತಿರುಗಿ, 16 ಮತ್ತು 14ನೇ ಹೆದ್ದಾರಿಗೆ ಅದೂ ಅಷ್ಟೇ ಹತ್ತಿರ, ಐಸ್ ನೀರು ಬಿಟ್ಟಿ, ವಾಲ್ ಡ್ರಗ್. ಅರ್ಥ ಇಷ್ಟೇ. (ರೂಟ್ ಬಿಯರ್ ಹೆಸರಿಗಷ್ಟೇ ಬಿಯರ್, ಅದು ಸಿಹಿ ಪಾನೀಯ.) ಮಾತಿನಲ್ಲಿ ಒಂದು ಜಾಣತನ ನೋಡಿ. ನಮ್ಮ ಅಂಗಡಿಗೆ ಬಂದರೆ ನಿಮ್ಮ ದಾರಿ ಸುತ್ತಾಗುವುದಿಲ್ಲ ಎಂಬ ಭರವಸೆ ಮೊದಲು. ನೀರಿನ ಮಾತು ಆಮೇಲೆ.

ಟೆಡ್ ಹೈಸ್ಕೂಲಿನ ಒಬ್ಬ ಹುಡುಗನನ್ನು ಕರೆದುಕೊಂಡು ಹಲಗೆಗಳಿಗೆ ಬಣ್ಣ ಬಳಿದರು. ಒಂದೊಂದು ಹಲಗೆ ಒಂದಡಿ ಎತ್ತರ, ಮೂರಡಿ ಅಗಲ. ಒಂದು ಹಲಗೆಯಲ್ಲಿ ಒಂದು ತುಂಡು ಮಾತು. ಕಾರು ಮುಂದೆ ಹೋದ ಹಾಗೆ ಮಾತು ಪೂರ್ತಿಯಾಗಬೇಕು. ಈ ಉಪಾಯ ಹೊಸದಲ್ಲ. ಬರ್ಮಾ ಶೇವ್ ಎಂಬ ಗಡ್ಡದ ಕ್ರೀಮಿನವರು 1925ರಿಂದಲೇ ಹೀಗೆ ಸಾಲು ಹಲಗೆ ನೆಡುತ್ತಿದ್ದರು. ಹಲಗೆ ನೆಡುವಾಗ ತನಗೆ ಸ್ವಲ್ಪ ಪೆಚ್ಚೆನಿಸಿತ್ತು ಎಂದು ಟೆಡ್ ಒಪ್ಪಿಕೊಂಡಿದ್ದಾರೆ. ಆದರೆ ಅವರು ಅಂಗಡಿಗೆ ವಾಪಸ್ಸು ಬರುವಷ್ಟರಲ್ಲೇ ಜನ ನೀರು ಕೇಳಿಕೊಂಡು ಬಂದಿದ್ದರು. ಮರುವರ್ಷ ಬೇಸಿಗೆಗೆ ಎಂಟು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾಯಿತು.

ನೀರು ಕೊಟ್ಟರು, ಐಸ್ ಕ್ರೀಮು ಮಾರಿದರು

ಬಿಸಿಲಲ್ಲಿ ಬಂದವರಿಗೆ ನೀರು ಕೊಡುವುದು ನಮಗೆ ಐಡಿಯಾನೇ ಅಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುತ್ತಿದ್ದರು. ಅರವಟ್ಟಿಗೆಗೆ ದತ್ತಿ ಬಿಟ್ಟ ಮಾತು ಹಳೆಯ ಶಾಸನಗಳಲ್ಲೂ ಬರುತ್ತದೆ. ಅಲ್ಲಿ ಲೆಕ್ಕ ಪುಣ್ಯದ್ದು. ಕೊಟ್ಟವನಿಗೆ ಈ ಲೋಕದಲ್ಲಿ ಏನೂ ವಾಪಸ್ಸು ಬರಬೇಕಿಲ್ಲ. ಈಗ ಅರವಟ್ಟಿಗೆಗೂ ಫ್ಲೆಕ್ಸ್ ಕಟ್ಟುತ್ತಾರೆ, ಅದು ಬೇರೆ ವಿಷಯ ಬಿಡಿ.

ವಾಲ್ ಡ್ರಗ್‌ನ ನೀರು ಪುಣ್ಯಕ್ಕೂ ಅಲ್ಲ, ಮೋಸಕ್ಕೂ ಅಲ್ಲ. ನೀರು ಕುಡಿದವರು ಸುಮ್ನೆ ಹೋಗಬಹುದಿತ್ತು, ಎಷ್ಟೋ ಜನ ಹೋದರು. ಆದರೆ ಕಾರಿನಿಂದ ಇಳಿದ ಮಕ್ಕಳು ಐಸ್ ಕ್ರೀಮು ನೋಡಿ ಹಟ ಮಾಡದೆ ಇರುತ್ತಾರಾ? ಅಪ್ಪನಿಗೆ ತಲೆನೋವಿನ ಮಾತ್ರೆ ನೆನಪಾಗುತ್ತದೆ. ಅಮ್ಮ ಊರಿಗೆ ಒಂದು ಚಿತ್ರದ ಕಾರ್ಡು ಕೊಳ್ಳುತ್ತಾರೆ. ನೀರು ಮಾಡಿದ್ದು ಒಂದೇ ಕೆಲಸ, ಕಾರು ನಿಲ್ಲಿಸಿದ್ದು.

ನನ್ನ ಪ್ರಕಾರ ಈ ಪ್ರಕರಣದ ತಿರುಳು ಬಿಟ್ಟಿ ನೀರು ಅಲ್ಲ. ನಾಲ್ಕೂವರೆ ವರ್ಷ ಅಂಗಡಿ ಊರಿನ ಕಡೆ ಮುಖ ಮಾಡಿ ಕೂತಿತ್ತು. ಆ ಭಾನುವಾರ ಅದು ರಸ್ತೆಯ ಕಡೆ ತಿರುಗಿತು. ಹಾಗೆ ತಿರುಗಿಸಿದವರು ಡೊರೊಥಿ. ಟೆಡ್ ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದರು, ಬೀದಿ ಖಾಲಿ ಇತ್ತು. ಡೊರೊಥಿ ಕಣ್ಣು ಮುಚ್ಚಿ ಮಲಗಿದ್ದಾಗ ಅವರ ಕಿವಿಗೆ ಗಿರಾಕಿಗಳ ಸದ್ದು ಬಿತ್ತು.

ಕಟ್ಟಡ ಬೆಳೆದ ಬಗೆ

ಬಿಲ್ ದೊಡ್ಡವನಾಗಿ ತಾನೂ ಫಾರ್ಮಸಿ ಓದಿದರು. 1951ರಲ್ಲಿ ಅಂಗಡಿಗೆ ಬಂದರು. ಅಪ್ಪನ ಕಾಲದಲ್ಲಿ ಬೆಳೆದದ್ದು ಹಲಗೆಗಳು. ಮಗನ ಕಾಲದಲ್ಲಿ ಬೆಳೆದದ್ದು ಕಟ್ಟಡ. ಕೋಣೆಯ ಪಕ್ಕ ಕೋಣೆ ಸೇರಿತು. ಊಟದ ಹಾಲಿನಲ್ಲಿ ಈಗ 500ಕ್ಕೂ ಜಾಸ್ತಿ ಜನ ಕೂರಬಹುದು. ಗೋಡೆ ತುಂಬ ಪಶ್ಚಿಮದ ಬಯಲು ಸೀಮೆಯ ಚಿತ್ರಗಳು. ಬೂಟಿನ ಅಂಗಡಿ, ಪುಸ್ತಕದ ಅಂಗಡಿ, ಆಭರಣದ ಅಂಗಡಿ. ಪ್ರಯಾಣಿಕರಿಗೆ ಅಂತ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಚರ್ಚ್ ನೋಡಿ ಊರು ಆರಿಸಿಕೊಂಡ ಮನೆತನ, ಅದು ಬಿಟ್ಟೀತೇ! ಹಿತ್ತಿಲಲ್ಲಿ ಕೊಂಬಿರುವ ದೈತ್ಯ ಮೊಲದ ಗೊಂಬೆ ಇದೆ, ಮಕ್ಕಳು ಅದರ ಮೇಲೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

ನೋಡಲು ಮಾಲ್‌ನ ಹಾಗಿದ್ದರೂ ಮಾಲ್ ಅಲ್ಲ. ಮಾಲ್‌ನಲ್ಲಿ ಒಂದೊಂದು ಮಳಿಗೆಗೂ ಒಬ್ಬೊಬ್ಬ ಬಾಡಿಗೆದಾರ. ಇಲ್ಲಿ ಬೂಟಿನಿಂದ ಡೋನಟ್‌ವರೆಗೆ ಎಲ್ಲ ಒಂದೇ ಸಂಸ್ಥೆಯದು. ಹಾಗಾಗಿ ಬಿಟ್ಟಿ ನೀರಿನ ಖರ್ಚು ಯಾವ ಕೌಂಟರಿನ ತಲೆಗೆ ಎಂಬ ಜಗಳವೇ ಹುಟ್ಟುವುದಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಗೆ ಬರುತ್ತದೆ. ಕಾಫಿ ಈಗಲೂ ಐದು ಸೆಂಟಿಗೆ ಸಿಗುತ್ತದೆ. ಯಾರೂ ಕೈ ಚಾಚುವುದಿಲ್ಲ, ಪೆಟ್ಟಿಗೆಯಲ್ಲಿ ನೀವೇ ಹಾಕಬೇಕು. 1981ರ ಹೊತ್ತಿಗೆ ಬೇಸಿಗೆಯ ಬಿಸಿ ದಿನಗಳಲ್ಲಿ ದಿನಕ್ಕೆ 20,000 ಲೋಟ ನೀರು ಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದರು.

ಕಟ್ಟಡದ ಮುಖದ ಬಗ್ಗೆ ನನ್ನದೊಂದು ತಕರಾರಿದೆ. ಹೊರಗಿನಿಂದ ಅದು ಕುದುರೆ ಸವಾರರ ಕಾಲದ ಮರದ ಅಂಗಡಿಗಳ ಸಾಲಿನ ಹಾಗೆ ಕಾಣುತ್ತದೆ. 1870, 80ರ ದಶಕದ ಹಾಗೆ. ಊರು ಹುಟ್ಟಿದ್ದೇ 1907ರಲ್ಲಿ! ತನಗಿಲ್ಲದ ವಯಸ್ಸನ್ನು ಕಟ್ಟಡ ಹಾಕಿಕೊಂಡಿದೆ. ವೇಷ ಹಾಕಿದರೆ ತಪ್ಪೇನು ಅನ್ನಬಹುದು. ಆದರೆ ಆ ಕಾಲದಲ್ಲಿ ಅಲ್ಲಿ ನಡೆದದ್ದು ಬರೀ ಕುದುರೆ ಸವಾರಿಯಲ್ಲ. ಆ ಭಾಗ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ನೆಲ. 1868ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರವೇ ಅದನ್ನು ಅವರಿಗೆ ಬರೆದುಕೊಟ್ಟಿತ್ತು. ಚಿನ್ನ ಸಿಕ್ಕಿತು, ಒಪ್ಪಂದ ಮುರಿಯಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಪರಿಹಾರ ಕೊಡಬೇಕೆಂದು ಹೇಳಿತು. ನಮಗೆ ದುಡ್ಡು ಬೇಡ, ನೆಲ ಬೇಕು ಎಂದು ಲಕೋಟಾ ಜನ ಆ ಹಣವನ್ನು ಮುಟ್ಟಿಲ್ಲ. ರಶ್ಮೋರ್ ಇರುವುದೂ ಅದೇ ಬೆಟ್ಟಗಳಲ್ಲಿ. ಅಂಗಡಿಯ ಮರದ ಮುಖವಾಡ ಇಷ್ಟನ್ನೆಲ್ಲ ಹೇಳಲಿ ಎಂದು ನಿರೀಕ್ಷಿಸುವುದು ಜಾಸ್ತಿಯಾಯಿತೇನೋ. ಆದರೂ ನೋಡುವವರಿಗೆ ಗೊತ್ತಿರಲಿ.

ರಸ್ತೆ ಬದಲಾದಾಗ

ರಸ್ತೆ ನಂಬಿ ಬದುಕುವ ಅಂಗಡಿಗೆ ರಸ್ತೆಯೇ ಗಂಡಾಂತರ. ಬೈಪಾಸ್ ಆದ ಮೇಲೆ ಹಳೆಯ ಹೆದ್ದಾರಿಯ ಹೋಟೆಲುಗಳು ಬಾಗಿಲು ಹಾಕಿದ್ದನ್ನು ನಮ್ಮ ಪುಣೆ-ಬೆಂಗಳೂರು ರಸ್ತೆಯ ಉದ್ದಕ್ಕೂ ನೋಡಿದ್ದೇವೆ. ವಾಲ್‌ಗೂ ಆ ಕಾಲ ಬಂತು. ನಿಲ್ಲದೆ ಓಡುವ ಅಂತರರಾಜ್ಯ ಹೆದ್ದಾರಿ 90 ಬಂತು. ಊರಿನ ಅದೃಷ್ಟ, ಅದು ಊರಂಚಿನಲ್ಲೇ ಹಾದುಹೋಯಿತು. ಜೊತೆಗೆ 1965ರಲ್ಲಿ ಹೆದ್ದಾರಿ ಸೌಂದರ್ಯ ಕಾಯ್ದೆ ಬಂತು. ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಇದರ ಹಿಂದೆ ನಿಂತಿದ್ದರು. ರಸ್ತೆ ಬದಿಯ ಜಾಹೀರಾತು ಹಲಗೆಗಳಿಗೆ ಕಡಿವಾಣ ಹಾಕುವುದೇ ಅದರ ಮುಖ್ಯ ಉದ್ದೇಶ. ಹಲಗೆಯಿಂದಲೇ ಹುಟ್ಟಿದ ಅಂಗಡಿಗೆ ಇದಕ್ಕಿಂತ ದೊಡ್ಡ ಏಟು ಬೇಕಾ?

ಆದರೂ ಹಲಗೆಗಳು ಸಾಯಲಿಲ್ಲ. ಇವತ್ತಿಗೂ ಮಿನ್ನೆಸೋಟಾ ಕಡೆಯಿಂದ ಮೊಂಟಾನಾದ ಬಿಲ್ಲಿಂಗ್ಸ್‌ವರೆಗೆ, ಸುಮಾರು 1,000 ಕಿಲೋಮೀಟರ್ ಉದ್ದಕ್ಕೆ ವಾಲ್ ಡ್ರಗ್ ಹಲಗೆಗಳು ಸಿಗುತ್ತವೆ. ಬೀದರಿನಿಂದ ಚಾಮರಾಜನಗರಕ್ಕೆ ಹೋದರೂ ಅಷ್ಟು ದೂರ ಆಗುವುದಿಲ್ಲ. ಹೆದ್ದಾರಿಯಿಂದ ಊರಿಗೆ ಇಳಿಯುವ ಕಡೆ 80 ಅಡಿಯ ಡೈನೊಸಾರ್ ನಿಂತಿದೆ. ಮಾಡಿದವರು ಎಮೆಟ್ ಸಲಿವನ್, ರ‍್ಯಾಪಿಡ್ ಸಿಟಿಯ ಡೈನೊಸಾರ್ ಪಾರ್ಕಿನ ಶಿಲ್ಪಿ. ಹಲಗೆ ಓದದವರಿಗೂ ಅದು ಕಾಣದೆ ಇರುವುದಿಲ್ಲ.

ಇನ್ನೊಂದು ರೀತಿಯ ಹಲಗೆಗೆ ಅಂಗಡಿ ದುಡ್ಡೇ ಹಾಕಬೇಕಾಗಲಿಲ್ಲ. ಎರಡನೇ ಮಹಾಯುದ್ಧಕ್ಕೆ ಹೋದ ಆ ಕಡೆಯ ಸೈನಿಕರು ಯುರೋಪಿನಲ್ಲಿ ವಾಲ್ ಡ್ರಗ್‌ಗೆ ಇಷ್ಟು ಮೈಲಿ ಎಂದು ಬರೆದು ನೆಟ್ಟರು. ಮನೆಯಿಂದ ದೂರ ಇದ್ದವರ ತಮಾಷೆ ಅದು. ಆಮೇಲೆ ಕೊರಿಯಾ, ವಿಯೆಟ್ನಾಂ. ಪ್ರವಾಸಿಗರೂ ಶುರು ಮಾಡಿದರು. ಹೋದಲ್ಲೆಲ್ಲ ಒಂದು ಹಲಗೆ ಹಿಡಿದು ಫೋಟೊ.

ಶೀತಲ ಸಮರದ ಕಾಲದಲ್ಲಿ ಸೌತ್ ಡಕೋಟಾದ ಪಶ್ಚಿಮದ ಬಯಲಿನಡಿ 150 ಮಿನಿಟ್‌ಮನ್ ಅಣು ಕ್ಷಿಪಣಿಗಳನ್ನು ಹೂತಿಟ್ಟಿದ್ದರು. ಒಂದು ಗುಂಡಿ ವಾಲ್‌ಗೆ ತೀರಾ ಹತ್ತಿರ, ಈಗ ಅದು ರಾಷ್ಟ್ರೀಯ ಸ್ಮಾರಕ. ಆಗ ಆ ಕ್ಷಿಪಣಿ ಕಾಯುತ್ತಿದ್ದವರಿಗೆ ವಾಲ್ ಡ್ರಗ್‌ನಲ್ಲಿ ಕಾಫಿ, ಡೋನಟ್ ಬಿಟ್ಟಿ ಸಿಗುತ್ತಿತ್ತು. ಮಾಜಿ ಸೈನಿಕರಿಗೆ, ಲಾರಿ ಚಾಲಕರಿಗೆ, ಪಾದ್ರಿಗಳಿಗೆ, ಮಧುಚಂದ್ರಕ್ಕೆ ಹೊರಟವರಿಗೂ ಬಿಟ್ಟಿ. ಪಟ್ಟಿ ಓದಿದರೆ ನಗು ಬರುತ್ತದೆ. ಅಣುಬಾಂಬಿನವರೂ ಹೊಸ ಮದುವೆಯವರೂ ಒಂದೇ ಸಾಲಿನಲ್ಲಿ!

ಈಗ ಎರಡನೇ ಪ್ರಶ್ನೆ

ಟೀಕೆ ಮಾಡುವವರು ಇದನ್ನು ಪ್ರವಾಸಿಗರ ಜೇಬಿಗೆ ಹಾಕಿದ ಬಲೆ ಎನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಊರಿನ ಬದುಕೇ ಒಂದು ಅಂಗಡಿಯ ಸೂರಿನಡಿ ಬಂದುಬಿಟ್ಟಿದೆ. ಬೇಸಿಗೆಯ ಮೂರು ತಿಂಗಳು ಜಾತ್ರೆ, ಚಳಿಗಾಲ ಬಣಬಣ. ಬೇಸಿಗೆಗೆ ಊರಿನ ಜನ ಸಾಲದೆ ಹೊರಗಿನಿಂದ ಹುಡುಗ ಹುಡುಗಿಯರು ಕೆಲಸಕ್ಕೆ ಬರುತ್ತಾರೆ. ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ಬಯಲಿನಲ್ಲಿ ರೈಲು ಕಂಪನಿಗಳು ಹುಟ್ಟಿಸಿದ ಎಷ್ಟೋ ಚಿಕ್ಕ ಊರುಗಳು ಕರಗಿಹೋದವು. 231 ಜನರ ಊರು 699 ಆಗಿ ನಿಂತಿರುವುದಕ್ಕೆ ಈ ಅಂಗಡಿಯೂ ಕಾರಣ.

ಡೊರೊಥಿ 1995ರಲ್ಲಿ ತೀರಿಕೊಂಡರು. ಟೆಡ್ 1999ರ ಜನವರಿಯಲ್ಲಿ, 96ನೇ ವಯಸ್ಸಿನಲ್ಲಿ. ಅದೇ ವರ್ಷ ಬಿಲ್ ಕೂಡ ಹೋದರು. ಅಂಗಡಿ ಮೊಮ್ಮಕ್ಕಳ ಕೈಗೆ ಬಂತು.

ಕಟ್ಟಡದ ಒಳಗೆ ಈಗ 1931ರ ಅಂಗಡಿಯ ಮಾದರಿಯಲ್ಲಿ ಮಾಡಿದ ಒಂದು ಫಾರ್ಮಸಿ ಮ್ಯೂಸಿಯಂ ಇದೆ. ಸೀಸೆಗಳು, ತಕ್ಕಡಿ, ಮದ್ದು ಅರೆಯುವ ಕಲ್ಲು. ಅಂಗಡಿ ತನ್ನ ಬಡತನದ ದಿನಗಳನ್ನೇ ಪ್ರದರ್ಶನಕ್ಕಿಟ್ಟಿದೆ. ಅದೇ ಸೂರಿನಡಿ ನಿಜವಾದ ಔಷಧಿ ಕೌಂಟರೂ ಇದೆ. ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಊರಿನವರಿಗೆ ಡಾಕ್ಟರ್ ಚೀಟಿ ಕೊಟ್ಟರೆ ಬೂಟು, ಮೊಲ, ಡೋನಟ್ ಎಲ್ಲ ದಾಟಿ ಅಲ್ಲಿಗೆ ಬರಬೇಕು.